ಹೋಗದ ಕಲೆ: ಮೈಸೂರಿನ ಉದ್ಯಮಗಳಲ್ಲಿ ಅಸಾಂಪ್ರದಾಯಿಕ ಕಲ್ಪನೆ

ಕನ್ನಡದಲ್ಲಿ ‘ಕಲೆ’ ಎಂದರೆ ಕೌಶಲದಿಂದ ಹುಟ್ಟಿದ ಚೆಲುವೂ ಹೌದು, ಬಟ್ಟೆಗೆ ಅಂಟಿಕೊಂಡು ಎಷ್ಟು ಒಗೆದರೂ ಹೋಗದ ಗುರುತೂ ಹೌದು. ಮೂಲದಲ್ಲಿ ಇವು ಎರಡು ಬೇರೆ ಪದಗಳು, ಒಂದು ಸಂಸ್ಕೃತದಿಂದ ಬಂದದ್ದು, ಇನ್ನೊಂದು ದೇಸಿ. ರೂಪ ಒಂದೇ ಆದದ್ದು ಆಕಸ್ಮಿಕ. ಆದರೆ ಉದ್ಯಮ ಮತ್ತು ಉತ್ಪನ್ನಗಳಲ್ಲಿ ಅಸಾಂಪ್ರದಾಯಿಕ ಕಲ್ಪನೆ ಹೇಗೆ ಕೆಲಸ ಮಾಡುತ್ತದೆ ಎಂಬ ಪ್ರಶ್ನೆಯನ್ನು ಮೈಸೂರಿನಲ್ಲಿ ನಿಂತು ಕೇಳುವವರಿಗೆ ಈ ಆಕಸ್ಮಿಕ ಒದಗಿಬರುತ್ತದೆ, ಏಕೆಂದರೆ ಈ ಊರಿನ ಒಂದು ಕಾರ್ಖಾನೆ ಆರು ದಶಕಗಳಿಂದ ಹೋಗದ ಕಲೆಯನ್ನೇ ತಯಾರಿಸಿ ಮಾರುತ್ತ ಬಂದಿದೆ.

ಮೊದಲು ಪರಿಭಾಷೆಯ ಮಾತು. ‘ಆವಿಷ್ಕಾರ’ ಎಂದರೆ ಹಿಂದೆ ಇಲ್ಲದ ವಸ್ತುವನ್ನೋ ವಿಧಾನವನ್ನೋ ಕಂಡುಹಿಡಿಯುವುದು; ‘ನಾವೀನ್ಯ’ ಎಂದರೆ ಅಂಥದೊಂದನ್ನು ಜನರ ಬಳಕೆಗೆ ತಂದು, ಅದಕ್ಕೆ ಬೆಲೆ ಕೊಡುವವರನ್ನೂ ಕಂಡುಕೊಂಡು, ನಿಂತ ನೆಲದಲ್ಲಿ ಬೇರೂರಿಸುವುದು. ಅರ್ಥಶಾಸ್ತ್ರಜ್ಞ ಜೋಸೆಫ್ ಶುಂಪೀಟರ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಈ ಎರಡನ್ನೂ ಬೇರ್ಪಡಿಸಿ, ಉದ್ಯಮಿಯ ನಿಜವಾದ ಕೆಲಸವೆಂದರೆ ಇರುವ ಸಾಮಗ್ರಿಗಳನ್ನೇ ‘ಹೊಸ ಸಂಯೋಜನೆ’ಗೆ ತರುವುದು ಎಂದು ವಾದಿಸಿದನು, ಹೊಸ ಸರಕು, ಹೊಸ ವಿಧಾನ, ಹೊಸ ಮಾರುಕಟ್ಟೆ, ಕಚ್ಚಾವಸ್ತುವಿನ ಹೊಸ ಮೂಲ, ಉದ್ಯಮದ ಹೊಸ ವ್ಯವಸ್ಥೆ, ಇವೆಲ್ಲವೂ ಅವನ ಲೆಕ್ಕದಲ್ಲಿ ಸಂಯೋಜನೆಗಳೇ. ಭಾರತೀಯ ಕಾವ್ಯಮೀಮಾಂಸೆಯೂ ಪ್ರತಿಭೆಯನ್ನು ಹೊಸಹೊಸದಾಗಿ ಅರಳುವ ಪ್ರಜ್ಞೆಯೆಂದು ಗುರುತಿಸಿತ್ತು. ಕವಿಗೂ ಉದ್ಯಮಿಗೂ ಇರುವ ಅಂತರ ಇಷ್ಟೇ: ಕವಿಯ ಪ್ರತಿಭೆ ಸಹೃದಯನೊಬ್ಬ ಸಿಗುವ ತನಕ ಕಾಯಬಲ್ಲದು, ಉದ್ಯಮಿಯ ಪ್ರತಿಭೆಗೆ ತಿಂಗಳ ಕೊನೆಗೆ ಸಂಬಳ ಕೊಡಬೇಕಾದ ತಾಪತ್ರಯವಿದೆ.

ಅಸಾಂಪ್ರದಾಯಿಕ ಕಲ್ಪನೆ ಎಂದೊಡನೆ ಕನ್ನಡಿಗರ ನಾಲಗೆಗೆ ಬರುವ ಮಾತು ‘ಕಸದಿಂದ ರಸ’. ಮಾತು ಚೆನ್ನಾಗಿದೆ, ಆದರೆ ಅದು ಅರ್ಧವನ್ನಷ್ಟೇ ಹೇಳುತ್ತದೆ. ಎಸೆದದ್ದನ್ನು ಹೆಕ್ಕಿ ಬಳಸುವುದು ಮಿತವ್ಯಯ, ಅದಕ್ಕೆ ಕಲ್ಪನೆಗಿಂತ ಗೃಹಿಣಿಯ ಜಾಣ್ಮೆ ಸಾಕು. ಮೈಸೂರಿನ ಉದಾಹರಣೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಬೇರೆಯೇ ಒಂದು ಸಂಗತಿ ಕಾಣುತ್ತದೆ: ಒಂದು ವಸ್ತುವಿನಲ್ಲಿ ಎಲ್ಲರೂ ದೋಷವೆಂದು ಬಗೆದ ಸ್ವಭಾವವನ್ನು ಯಾರೋ ಒಬ್ಬರು, ಯಾವುದೋ ಒಂದು ಸಂಸ್ಥೆ, ಆ ದೋಷವೇ ಗುಣವಾಗಿ ಬೇಕಾಗಿರುವ ಜಾಗಕ್ಕೆ ಒಯ್ದು ನಿಲ್ಲಿಸಿರುತ್ತದೆ. ವಸ್ತು ಬದಲಾಗಿರುವುದಿಲ್ಲ, ಅದರ ಬಗ್ಗೆ ಕೇಳುವ ಪ್ರಶ್ನೆ ಬದಲಾಗಿರುತ್ತದೆ.

ಬರಿಯ ಜಾಗ ಬದಲಾದರೆ ಸಾಲದು ಎಂಬುದಕ್ಕೆ ಇಂದು ಮೈಸೂರಿನ ಒಂದು ಬಡಾವಣೆಯಾಗಿರುವ ನಜರ್‌ಬಾದೇ ಸಾಕ್ಷಿ. ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಟಿಪ್ಪು ಸುಲ್ತಾನನು ಮೈಸೂರಿನ ಹಳೆಯ ಕೋಟೆಯನ್ನು ಕೆಡವಿಸಿ, ಅದರ ಕಲ್ಲುಗಳನ್ನು ಪೂರ್ವಕ್ಕೆ ಸುಮಾರು ಒಂದು ಮೈಲಿ ದೂರದ ದಿಣ್ಣೆಗೆ ಸಾಗಿಸಿ, ನಜರ್‌ಬಾದ್ ಎಂಬ ಹೆಸರಿನಿಂದ ಹೊಸ ಕೋಟೆಯೊಂದನ್ನು ಕಟ್ಟಿಸತೊಡಗಿದನು; 1799ರಲ್ಲಿ ಅವನ ಪತನವಾದ ಮೇಲೆ ಅವೇ ಕಲ್ಲುಗಳು ಬಂದ ದಾರಿಯಲ್ಲೇ ಹಿಂದಿರುಗಿ, ಮುಮ್ಮಡಿ ಕೃಷ್ಣರಾಜ ಒಡೆಯರ ಮೈಸೂರಿನ ಕೋಟೆಯನ್ನು ಮತ್ತೆ ಎಬ್ಬಿಸಲು ಬಳಕೆಯಾದವು. ಇದಕ್ಕಿಂತ ಅಚ್ಚುಕಟ್ಟಾದ ಮರುಬಳಕೆ ಸಿಗುವುದು ಕಷ್ಟ. ಆದರೂ ಇದನ್ನು ನಾವೀನ್ಯವೆನ್ನಲು ಬರುವುದಿಲ್ಲ. ಹೋಗುವಾಗಲೂ ಕೋಟೆಯ ಕಲ್ಲು, ಬರುವಾಗಲೂ ಕೋಟೆಯ ಕಲ್ಲು.

ಇದಕ್ಕೆ ಎದುರಾಗಿ ಇಡಬೇಕಾದದ್ದು ಇದೇ ನಗರದ ಅರಗಿನ ಕಾರ್ಖಾನೆಯ ಕಥೆ. ಅರಗು ಎಂದರೆ ಕಾಡುಮರಗಳ ರೆಂಬೆಗಳ ಮೇಲೆ ಒಂದು ಜಾತಿಯ ಸಣ್ಣ ಕೀಟ ಸ್ರವಿಸುವ ಅಂಟು. ಅದನ್ನು ಕಾಯಿಸಿ ಸೋಸಿದರೆ ಮೊಹರು ಹಾಕುವ ಅರಗೂ, ಮರದ ಸಾಮಾನುಗಳಿಗೆ ಹೊಳಪು ಕೊಡುವ ವಾರ್ನಿಷೂ ಆಗುತ್ತದೆ. ಮೈಸೂರು ಸಂಸ್ಥಾನದ ಕಾಡುಗಳ ಈ ಉತ್ಪನ್ನವನ್ನು ಬಳಸಿಕೊಳ್ಳಲೆಂದು ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ‘ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್’ ಸ್ಥಾಪನೆಯಾಯಿತು; ಸ್ವಾತಂತ್ರ್ಯಾನಂತರ ಅದು ಸರ್ಕಾರಿ ಉದ್ಯಮವಾಗಿ, 1989ರಲ್ಲಿ ‘ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್’ ಎಂಬ ಈಗಿನ ಹೆಸರನ್ನು ಪಡೆಯಿತು. ಬಣ್ಣದ ಕಾರ್ಖಾನೆಯೊಂದರ ಇಡೀ ಕಸುಬು ನಿಂತಿರುವುದು, ಬಳಿದದ್ದು ಗೋಡೆಯ ಮೇಲೋ ಕಿಟಕಿಯ ಮೇಲೋ ಇರಬೇಕು, ಬಳಿದವನ ಕೈಯಿಂದ ಮಾತ್ರ ಹೋಗಬೇಕು ಎಂಬ ನಿಯಮದ ಮೇಲೆ. 1962ರಲ್ಲಿ ಈ ಸಂಸ್ಥೆಯ ಮುಂದೆ ಬಂದ ಬೇಡಿಕೆ ಅದಕ್ಕೆ ತದ್ವಿರುದ್ಧವಾಗಿತ್ತು: ಕೈಯಿಂದ ಹೋಗದ ಬಣ್ಣ ಬೇಕು.

ಹಿನ್ನೆಲೆ ಹೀಗಿದೆ. ವಯಸ್ಕರೆಲ್ಲರಿಗೂ ಮತ ಕೊಟ್ಟ ಗಣರಾಜ್ಯದಲ್ಲಿ ಬಹುಪಾಲು ಮತದಾರರ ಬಳಿ ಭಾವಚಿತ್ರವಿರುವ ಗುರುತಿನ ಚೀಟಿಯಾಗಲೀ, ಸಹಿ ಮಾಡುವಷ್ಟು ಅಕ್ಷರವಾಗಲೀ ಇರಲಿಲ್ಲ. ಬೆಳಿಗ್ಗೆ ಒಂದು ಹೆಸರಿನಲ್ಲಿ ಮತ ಹಾಕಿದವನು ಮಧ್ಯಾಹ್ನ ಇನ್ನೊಂದು ಹೆಸರಿನಲ್ಲಿ ಬಂದರೆ ಹಿಡಿಯುವ ದಾರಿ ಸುಲಭವಾಗಿರಲಿಲ್ಲ. ದಾಖಲೆಗಳ ಮೂಲಕ ಈ ಸಮಸ್ಯೆಯನ್ನು ಬಿಡಿಸಹೊರಟಿದ್ದರೆ ಕೋಟಿಗಟ್ಟಲೆ ಕಾಗದಗಳೂ ದಶಕಗಳೂ ಬೇಕಾಗುತ್ತಿದ್ದವು. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯವು ರೂಪಿಸಿದ ಉತ್ತರ ದಾಖಲೆಯನ್ನು ಮತದಾರನ ಮೈಮೇಲೆಯೇ ಇಟ್ಟಿತು. ಚುನಾವಣಾ ಆಯೋಗ, ಕಾನೂನು ಸಚಿವಾಲಯ, ಆ ಪ್ರಯೋಗಾಲಯ ಮತ್ತು ರಾಷ್ಟ್ರೀಯ ಸಂಶೋಧನಾಭಿವೃದ್ಧಿ ನಿಗಮ ಸೇರಿ ಮೈಸೂರಿನ ಕಾರ್ಖಾನೆಯೊಡನೆ ಒಪ್ಪಂದ ಮಾಡಿಕೊಂಡ ಮೇಲೆ, 1962ರ ಮೂರನೆಯ ಮಹಾಚುನಾವಣೆಯಿಂದ ಇಲ್ಲಿಯ ಶಾಯಿ ದೇಶದ ಬೆರಳುಗಳ ಮೇಲೆ ಬಂದಿತು.

ಅದರ ರಸಾಯನವನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಶಾಯಿಯ ಮುಖ್ಯ ಘಟಕ ಸಿಲ್ವರ್ ನೈಟ್ರೇಟ್, ಅಂದರೆ ಬೆಳ್ಳಿಯ ಒಂದು ಲವಣ. ಚರ್ಮದ ಮೇಲೆ ಬೆವರಿನ ಉಪ್ಪು ಸದಾ ಇರುತ್ತದೆ. ಶಾಯಿ ಅದರೊಡನೆ ಕೂಡಿ ನೀರಿನಲ್ಲಿ ಕರಗದ ಸಿಲ್ವರ್ ಕ್ಲೋರೈಡ್ ಆಗಿ, ಬೆಳಕು ಬಿದ್ದಂತೆ ಅದರಿಂದ ಬೆಳ್ಳಿಯ ಸೂಕ್ಷ್ಮ ಕಣಗಳು ಬಿಡುಗಡೆಯಾಗಿ ಕಪ್ಪಾಗುತ್ತದೆ. ಹಳೆಯ ಕಾಲದ ಫೋಟೋ ಕಾಗದದ ಮೇಲೆ ಚಿತ್ರ ಮೂಡಿಸುತ್ತಿದ್ದುದೂ ಇದೇ ಕ್ರಿಯೆಯೇ. ಬೆಳಕು ತಾಗಿದರೆ ಕೆಡುವುದರಿಂದ ಶಾಯಿಯನ್ನು ಕಂದು ಬಣ್ಣದ ಪುಟ್ಟ ಸೀಸೆಗಳಲ್ಲಿ ತುಂಬುತ್ತಾರೆ. 10 ಮಿಲಿಲೀಟರಿನ ಒಂದು ಸೀಸೆ ಸುಮಾರು 700 ಮತದಾರರಿಗೆ ಬರುತ್ತದೆ. ಮತಗಟ್ಟೆಯಲ್ಲಿ ಅಧಿಕಾರಿ ಕಡ್ಡಿಯನ್ನು ಅದ್ದಿ ಎಡಗೈ ತೋರುಬೆರಳಿನ ಉಗುರಿನ ಮೇಲಿನಿಂದ ಮೊದಲ ಗಿಣ್ಣಿನತ್ತ ಒಂದು ಗೆರೆ ಎಳೆಯುತ್ತಾನೆ. ಹಚ್ಚಿದ ಕ್ಷಣದಲ್ಲಿ ನೇರಿಳೆಯಾಗಿ ಕಾಣುವ ಆ ಗೆರೆ ಮತದಾರ ಹೊರಗೆ ಬಿಸಿಲಿಗೆ ಬಂದು ಚಪ್ಪಲಿ ಹುಡುಕುವಷ್ಟರಲ್ಲಿ ಕಪ್ಪಿಗೆ ತಿರುಗತೊಡಗುತ್ತದೆ. ಚರ್ಮದ ಮೇಲಿನ ಭಾಗ ದಿನಗಳಲ್ಲಿ ಕಳಚುತ್ತದೆ, ಉಗುರಿನ ಮೇಲಿನದು ಉಗುರು ಬೆಳೆದು ಕತ್ತರಿಗೆ ಸಿಗುವ ತನಕ ಉಳಿಯುತ್ತದೆ. ಸಿಲ್ವರ್ ನೈಟ್ರೇಟನ್ನು ಮುಟ್ಟಿದರೆ ಕೈ ಕಪ್ಪಾಗುತ್ತದೆ ಎಂಬುದು ಪ್ರಯೋಗಶಾಲೆಯಲ್ಲಿ ಕೆಲಸ ಮಾಡಿದ ಪ್ರತಿ ವಿದ್ಯಾರ್ಥಿಗೂ ಗೊತ್ತಿದ್ದ ಕಿರಿಕಿರಿ. ಆ ಕಿರಿಕಿರಿಯನ್ನೇ ಸರಕಾಗಿಸಿದ್ದು ಇಲ್ಲಿಯ ಹೊಸತು.

ವ್ಯಾಪಾರದ ದೃಷ್ಟಿಯಿಂದಲೂ ಇದು ವಿಲಕ್ಷಣ ಸರಕು. ಬೆರಳಿಗೆ ಹಚ್ಚಿಸಿಕೊಳ್ಳುವವನು ಇದಕ್ಕೆ ಕಾಸು ಕೊಡುವುದಿಲ್ಲ, ಕಾಸು ಕೊಡುವ ವ್ಯವಸ್ಥೆಗೆ ಬೆರಳಿಲ್ಲ. ಬೇಡಿಕೆ ಐದು ವರ್ಷಕ್ಕೊಮ್ಮೆ ಪ್ರವಾಹದಂತೆ ಬಂದು ನಡುವೆ ತೊರೆಯಂತೆ ಹರಿಯುತ್ತದೆ; 2024ರ ಲೋಕಸಭಾ ಚುನಾವಣೆಯೊಂದಕ್ಕೇ 26 ಲಕ್ಷಕ್ಕೂ ಹೆಚ್ಚು ಸೀಸೆಗಳು ಇಲ್ಲಿಂದ ಹೋದವು. ಈ ಏರಿಳಿತವನ್ನು ತಗ್ಗಿಸಿದ್ದು ರಫ್ತು: ಇಪ್ಪತ್ತೈದಕ್ಕೂ ಹೆಚ್ಚು ದೇಶಗಳು ಈ ಶಾಯಿಯನ್ನು ತರಿಸಿಕೊಂಡಿವೆ. ಅಲ್ಲಲ್ಲಿಯ ರೂಢಿಗೆ ತಕ್ಕಂತೆ ಸರಕಿನ ರೂಪವೂ ಬದಲಾಗಬೇಕಾಗುತ್ತದೆ. ಭಾರತದಲ್ಲಿ ಗೆರೆ ಎಳೆದರೆ ಸಾಕು, ಕಾಂಬೋಡಿಯದಲ್ಲಿ ಬೆರಳನ್ನೇ ಶಾಯಿಯೊಳಗೆ ಅದ್ದುತ್ತಾರೆ, ಇನ್ನು ಕೆಲವೆಡೆ ಕುಂಚದಿಂದ ಹಚ್ಚುತ್ತಾರೆ. ಒಂದೇ ದ್ರವಕ್ಕೆ ಸೀಸೆ ಬೇರೆ, ಬಾಯಿ ಬೇರೆ, ಅಳತೆ ಬೇರೆ.

ಒಮ್ಮೆ ಹುಟ್ಟಿದ ಕಲ್ಪನೆ ಹುಟ್ಟಿದ ಕೆಲಸಕ್ಕಷ್ಟೇ ನಿಲ್ಲುವುದಿಲ್ಲ. 2016ರ ನವೆಂಬರಿನಲ್ಲಿ ದೊಡ್ಡ ನೋಟುಗಳು ರದ್ದಾದಾಗ, ಒಬ್ಬನೇ ಮತ್ತೆ ಮತ್ತೆ ಸರದಿಯಲ್ಲಿ ನಿಂತು ನೋಟು ಬದಲಾಯಿಸುವುದನ್ನು ತಡೆಯಲು ಬ್ಯಾಂಕುಗಳು ಇದೇ ಶಾಯಿಯ ಮೊರೆಹೋದವು; ಚುನಾವಣೆಯ ಗುರುತಿನೊಡನೆ ಗೊಂದಲವಾಗದಿರಲೆಂದು ಬಲಗೈ ಬೆರಳಿಗೆ ಹಚ್ಚಬೇಕೆಂಬ ಸೂಚನೆಯೂ ಹೊರಟಿತು. 2020ರಲ್ಲಿ ಕೋವಿಡ್ ಹರಡಿದಾಗ ಮನೆಯಲ್ಲೇ ಪ್ರತ್ಯೇಕವಾಗಿರಬೇಕಾದವರ ಕೈಗೆ ಅಳಿಸದ ಶಾಯಿಯ ಮುದ್ರೆ ಒತ್ತಲಾಯಿತು. ಈ ಎರಡು ಬಳಕೆಗಳ ಬಗ್ಗೆ ಮೆಚ್ಚುಗೆಗಿಂತ ಎಚ್ಚರ ಹೆಚ್ಚು ಸೂಕ್ತ. ಮತ ಹಾಕಿದವನು ಬೆರಳೆತ್ತಿ ಹೆಮ್ಮೆಯಿಂದ ಚಿತ್ರ ತೆಗೆಸಿಕೊಳ್ಳುತ್ತಾನೆ. ರೋಗದ ಶಂಕೆಯ ಮುದ್ರೆ ಬಿದ್ದವನು ತೋಳನ್ನು ಕೆಳಗೆಳೆದುಕೊಳ್ಳುತ್ತಾನೆ. ಶಾಯಿ ಒಂದೇ ಆದರೂ ಒಂದು ಕಲೆ ಹಕ್ಕಿನದು, ಇನ್ನೊಂದು ಕಳಂಕದ ಹತ್ತಿರ ಸುಳಿಯುವಂಥದು. ಸರಕನ್ನು ಕಲ್ಪಿಸುವವರು ಈ ವ್ಯತ್ಯಾಸವನ್ನೂ ಕಲ್ಪಿಸಿಕೊಳ್ಳಬೇಕಾಗುತ್ತದೆ.

ಅರಗಿಗಿಂತ ಎರಡು ದಶಕ ಹಿಂದಿನ ಗಂಧದ ಪ್ರಕರಣದಲ್ಲಿ ತಳ್ಳುವ ಶಕ್ತಿ ಬೇರೆಯಾಗಿತ್ತು: ಅಲ್ಲಿ ಕೊಳ್ಳುವವನೇ ಮಾಯವಾಗಿದ್ದನು. ಮೈಸೂರು ಸಂಸ್ಥಾನದಲ್ಲಿ ಶ್ರೀಗಂಧ ರಾಜಸ್ವತ್ತು. ಮರವನ್ನು ಹರಾಜು ಹಾಕಿ ಹೊರಗೆ ಕಳಿಸುವುದು, ಅದರಿಂದ ಎಣ್ಣೆ ತೆಗೆಯುವ ಲಾಭದ ಕೆಲಸವನ್ನು ಜರ್ಮನಿ ಮೊದಲಾದ ದೇಶಗಳಿಗೆ ಬಿಡುವುದು ರೂಢಿಯಾಗಿತ್ತು. 1914ರಲ್ಲಿ ಮಹಾಯುದ್ಧ ಆರಂಭವಾಗಿ ಆ ದಾರಿ ಮುಚ್ಚಿದಾಗ, ಮಾರಾಟವಾಗದ ಮರದ ದಾಸ್ತಾನು ಸಂಸ್ಥಾನಕ್ಕೆ ಹೊರೆಯಾಯಿತು. ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಆ ಕಾಲದಲ್ಲಿ, ಕೈಗಾರಿಕಾ ಇಲಾಖೆಯ ಆಲ್ಫ್ರೆಡ್ ಚಾಟರ್ಟನ್ ಅವರ ಮುತುವರ್ಜಿಯಿಂದ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ಸಡ್‌ಬರೋ ಮತ್ತು ವಾಟ್ಸನ್ ಇಲ್ಲಿಯೇ ಎಣ್ಣೆ ಇಳಿಸುವ ವಿಧಾನವನ್ನು ಸಿದ್ಧಪಡಿಸಿದರು. 1916ರಲ್ಲಿ ಬೆಂಗಳೂರಿನಲ್ಲಿಯೂ 1917ರಲ್ಲಿ ಮೈಸೂರಿನಲ್ಲಿಯೂ ಗಂಧದೆಣ್ಣೆಯ ಕಾರ್ಖಾನೆಗಳು ಆರಂಭವಾದವು. ಮರದ ಚೇಗನ್ನು, ಅಂದರೆ ಒಳಗಿನ ಗಟ್ಟಿ ತಿರುಳನ್ನು, ಪುಡಿ ಮಾಡಿ ಕಡಾಯಿಗೆ ತುಂಬಿ, ಅದರೊಳಗೆ ಹಬೆ ಹಾಯಿಸಿ, ಹಬೆಯೊಡನೆ ಎದ್ದ ಎಣ್ಣೆಯನ್ನು ತಣಿಸಿ ನೀರಿನಿಂದ ಬೇರ್ಪಡಿಸುವುದು ಇದರ ಕ್ರಮ.

ಗಂಧದೆಣ್ಣೆಯ ಜೀವಾಳವಾದ ಸ್ಯಾಂಟಲಾಲ್ ಎಂಬ ಘಟಕ ಬೇಗ ಆವಿಯಾಗುವುದಿಲ್ಲ. ಎಣ್ಣೆ ಇಳಿಸುವವನಿಗೆ ಇದು ತಲೆನೋವು, ಕಡಾಯಿ ದಿನಗಟ್ಟಲೆ ಉರಿಯಬೇಕು. ಸುಗಂಧ ತಯಾರಿಸುವವನಿಗೆ ಇದೇ ಭಾಗ್ಯ, ಏಕೆಂದರೆ ಬೇಗ ಹಾರದ ಪರಿಮಳ ಮೈಮೇಲೆ ನಿಲ್ಲುತ್ತದೆ, ಹಾರಿಹೋಗುವ ಬೇರೆ ಪರಿಮಳಗಳನ್ನೂ ಹಿಡಿದು ನಿಲ್ಲಿಸುತ್ತದೆ. ಸಾಬೂನಿನ ಕೆಲಸ ಮೈಮೇಲಿರುವುದನ್ನು ತೆಗೆಯುವುದು. ತೆಗೆಯುವ ವಸ್ತುವಿನೊಳಗೆ ಉಳಿಯುವ ವಸ್ತುವನ್ನು ಇಟ್ಟದ್ದೇ ಮೈಸೂರು ಸ್ಯಾಂಡಲ್ ಸಾಬೂನಿನ ಕಲ್ಪನೆ. ಇದಕ್ಕಾಗಿ ಸೋಸಲೆ ಗರಳಪುರಿ ಶಾಸ್ತ್ರಿಗಳನ್ನು ಇಂಗ್ಲೆಂಡಿಗೆ ಕಳಿಸಿ ಸಾಬೂನು ಮತ್ತು ಸುಗಂಧಗಳ ರಸಾಯನವನ್ನು ಕಲಿಸಲಾಯಿತು. ಅವರು ಮರಳಿದ ಮೇಲೆ 1918ರಲ್ಲಿ ಸಾಬೂನು ಮಾರುಕಟ್ಟೆಗೆ ಬಂದಿತು. ಅಂಡಾಕಾರದ ಬಿಲ್ಲೆ, ಒಡವೆ ಪೆಟ್ಟಿಗೆಯನ್ನು ನೆನಪಿಸುವ ಹೊರಕವಚ, ಸಿಂಹದ ಮೈಗೆ ಆನೆಯ ಮುಖವಿರುವ ಶರಭದ ಲಾಂಛನ, ಇವೆಲ್ಲ ಸೇರಿ ಸ್ನಾನದ ಸಾಮಗ್ರಿಗೆ ಬೀರುವಿನಲ್ಲಿ ಸೀರೆಗಳ ನಡುವೆ ಇಡುವಷ್ಟು ಗೌರವ ತಂದುಕೊಟ್ಟವು. ಸೀರೆಯ ಮಡಿಕೆಯಲ್ಲಿ ಸಾಬೂನಿಡುವ ಈ ಪದ್ಧತಿಯನ್ನು ಯಾವ ಕಾರ್ಖಾನೆಯೂ ಯೋಜಿಸಲಿಲ್ಲ, ಮನೆಯ ಹೆಂಗಸರು ಕಂಡುಕೊಂಡದ್ದು. ಬಳಸುವವರೂ ಕಲ್ಪಿಸುತ್ತಾರೆಂಬುದನ್ನು ನಾವೀನ್ಯದ ಪಾಠಗಳು ಆಗಾಗ ಮರೆಯುತ್ತವೆ.

ಎಣ್ಣೆ ಇಳಿಸಿದ ಮೇಲೆ ಉಳಿಯುವ ಗಂಧದ ಪುಡಿ ಊದುಬತ್ತಿಯವರ ಪಾಲಾಯಿತು. ಮೈಸೂರಿನ ಊದುಬತ್ತಿ ಉದ್ಯಮ ಮನೆಮನೆಯ ಹೆಂಗಸರ ಕೈಹೊಸೆತದಿಂದ ಬೆಳೆದು, 1948ರಲ್ಲಿ ಎನ್. ರಂಗರಾವ್ ಅವರು ಆರಂಭಿಸಿದ ಸಂಸ್ಥೆಯಂಥವುಗಳ ಮೂಲಕ ಹೊರದೇಶಗಳನ್ನು ತಲುಪಿತು. ಆ ಸಂಸ್ಥೆ ದೇವರ ಮುಂದೆ ಹಚ್ಚುವ ವಸ್ತುವಿಗೆ ದೇವರ ಹೆಸರನ್ನು ಬಿಟ್ಟು ‘ಸೈಕಲ್’ ಎಂದು ಹೆಸರಿಟ್ಟದ್ದೂ, ಓದು ಬಾರದವರೂ ಚಿತ್ರ ನೋಡಿ ಕೇಳಬಹುದಾದ ಹೆಸರು ಅದಾದದ್ದೂ ಗಮನಾರ್ಹ. ನಂಜನಗೂಡಿನಲ್ಲಿ 1913ರಲ್ಲಿ ಆರಂಭವಾದ ಸದ್ವೈದ್ಯಶಾಲೆಯ ಗುಲಾಬಿ ಬಣ್ಣದ ಹಲ್ಲುಪುಡಿಯನ್ನೂ ಇಲ್ಲಿ ನೆನೆಯಬೇಕು. ಆ ಪುಡಿಗೆ ಬಳಸುವ ಭತ್ತದ ಹೊಟ್ಟನ್ನು ದನವೂ ಇಷ್ಟಪಡುವುದಿಲ್ಲ, ಅದರಲ್ಲಿ ಸಿಲಿಕಾ ಎಂಬ ಮರಳಿನ ಅಂಶ ಹೆಚ್ಚಿ ಒರಟಾಗಿರುತ್ತದೆ. ಮೇವಿಗೆ ಶಾಪವಾದ ಆ ಒರಟುತನ ಹಲ್ಲುಜ್ಜುವುದಕ್ಕೆ ಹದವಾಗಿ ಒದಗಿತು.

ಎಲ್ಲ ಕಲ್ಪನೆಗಳೂ ನಿಲ್ಲುವುದಿಲ್ಲ, ನಿಲ್ಲದವುಗಳಿಂದ ಕಲಿಯುವುದು ಹೆಚ್ಚು. 1950ರಲ್ಲಿ ಮೈಸೂರಿನ ಚೆಲುವಾಂಬ ಮಹಲಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ, ಜನರ ಬಾಯಲ್ಲಿ ಸಿಎಫ್‌ಟಿಆರ್‌ಐ, ಈ ಎರಡೂ ಬಗೆಯ ಉದಾಹರಣೆಗಳನ್ನು ಒದಗಿಸುತ್ತದೆ. ಎಮ್ಮೆಯ ಹಾಲಿನಲ್ಲಿ ಕೊಬ್ಬು ಹೆಚ್ಚು, ಅದು ಹೊಟ್ಟೆಯಲ್ಲಿ ಗಟ್ಟಿಯಾಗಿ ಒಡೆಯುವುದರಿಂದ ಹಸುಗೂಸಿಗೆ ಆಗದು ಎಂಬ ತಿಳಿವಳಿಕೆ ಬಲವಾಗಿದ್ದ ಕಾಲದಲ್ಲಿ, ಅಲ್ಲಿಯ ವಿಜ್ಞಾನಿಗಳು ಕೊಬ್ಬನ್ನು ಇಳಿಸಿ, ಹಾಲಿನ ಗುಣವನ್ನು ಹದಗೊಳಿಸಿ, ಅದರಿಂದಲೇ ಶಿಶು ಆಹಾರದ ಪುಡಿ ತಯಾರಿಸುವ ವಿಧಾನವನ್ನು ರೂಪಿಸಿದರು. ಗುಜರಾತಿನ ಕೈರಾ ಹಾಲು ಒಕ್ಕೂಟ ಅದನ್ನು ಅಮುಲ್ ಹೆಸರಿನಲ್ಲಿ ದೇಶಕ್ಕೆಲ್ಲ ಮುಟ್ಟಿಸಿತು. ಎಮ್ಮೆಯ ನಾಡಿನಲ್ಲಿ ಹಸುವಿನ ಹಾಲಿನ ಡಬ್ಬಗಳನ್ನು ಹಡಗಿನಲ್ಲಿ ತರಿಸುವುದು ಅಲ್ಲಿಗೆ ತಗ್ಗಿತು.

ಅದೇ ಸಂಸ್ಥೆ, ಅದೇ ಬುದ್ಧಿ, ಅದೇ ಒಳ್ಳೆಯ ಉದ್ದೇಶದಿಂದ ರೂಪಿಸಿದ ‘ಬಹೂಪಯೋಗಿ ಆಹಾರ’ ಮಾತ್ರ ಮನೆಯ ಅಡುಗೆಮನೆ ಹೊಗಲಿಲ್ಲ. ಎಣ್ಣೆ ತೆಗೆದ ಕಡಲೆಕಾಯಿ ಹಿಟ್ಟಿನ ಮೂರು ಪಾಲಿಗೆ ಕಡಲೆಹಿಟ್ಟಿನ ಒಂದು ಪಾಲು ಬೆರೆಸಿ, ಜೀವಸತ್ವಗಳನ್ನೂ ಸುಣ್ಣದ ಅಂಶವನ್ನೂ ಸೇರಿಸಿದ ಆ ಪುಡಿ ಪೌಷ್ಟಿಕತೆಯ ಲೆಕ್ಕದಲ್ಲಿ ಉತ್ತಮವಾಗಿತ್ತು, ಬೆಲೆಯೂ ಕಡಿಮೆ. ಕಡಲೆಕಾಯಿಯ ಪ್ರೋಟೀನನ್ನು ಹಾಲಿಗೆ ಬೆರೆಸಿ ಹಾಲನ್ನು ಹಿಗ್ಗಿಸುವ ‘ಮಿಲ್ಟೋನ್’ ಕೂಡ ಬೆಂಗಳೂರಿನ ಡೇರಿಯ ತನಕ ಹೋಗಿಯೂ ನೆಲೆಯೂರಲಿಲ್ಲ. ಕಾರಣಗಳು ಹಲವಿರಬಹುದು; ಇಲ್ಲಿಯ ವಾದಕ್ಕೆ ಮುಖ್ಯವಾದದ್ದು ಒಂದು. ಎಮ್ಮೆ ಹಾಲಿನ ಪ್ರಯೋಗದಲ್ಲಿ ದೋಷವನ್ನು ಹಾಲಿನಲ್ಲಿ ಹುಡುಕಲಾಯಿತು. ಕಡಲೆಕಾಯಿ ಹಿಟ್ಟಿನ ಪ್ರಯೋಗದಲ್ಲಿ ತಿನ್ನುವವನ ಊಟವೇ ದೋಷಯುಕ್ತವೆಂದು ಮೊದಲೇ ತೀರ್ಮಾನವಾಗಿತ್ತು. ಬಡವರ ಆಹಾರವೆಂದು ಹೆಸರಾದದ್ದನ್ನು ಬಡವರೂ ಮುಟ್ಟಬಯಸುವುದಿಲ್ಲ. ಎಣ್ಣೆ ಹಿಂಡಿದ ಮೇಲೆ ಉಳಿಯುವುದನ್ನು ದನಕ್ಕೆ ಹಾಕುವ ಹಿಂಡಿ ಎಂದೇ ತಿಳಿದ ನಾಡಿನಲ್ಲಿ ಅದನ್ನು ಮಗುವಿನ ತಟ್ಟೆಗೆ ತರಲು ರಸಾಯನಕ್ಕಿಂತ ಹೆಚ್ಚಿನದೇನೋ ಬೇಕಿತ್ತು. ಅದೇ ಕಡಲೆಕಾಯಿ ಚಿಕ್ಕಿಯಾಗಿ, ಚಟ್ನಿಪುಡಿಯಾಗಿ ಬಂದರೆ ಯಾರೂ ಬೇಡವೆನ್ನುತ್ತಿರಲಿಲ್ಲ.

ಇಂದು ಕಾಲೇಜು ಕಾಲೇಜಿನಲ್ಲಿ ನವೋದ್ಯಮ ಸ್ಪರ್ಧೆಗಳು ನಡೆಯುತ್ತವೆ. ‘ಚೌಕಟ್ಟಿನ ಆಚೆ ಯೋಚಿಸಿ’ ಎಂದು ವಿದ್ಯಾರ್ಥಿಗಳಿಗೆ ಹೇಳಿ, ಹತ್ತು ನಿಮಿಷದಲ್ಲಿ ಹತ್ತು ಹೊಸ ಉಪಾಯಗಳನ್ನು ಬರೆಯಿಸುತ್ತಾರೆ. ಉಪಾಯಗಳು ಬರುತ್ತವೆ, ಅವುಗಳಲ್ಲಿ ಬಹುಪಾಲು ಮೊಬೈಲ್ ಆ್ಯಪ್‌ಗಳೇ ಆಗಿರುತ್ತವೆ. ಮೈಸೂರಿನ ಹಳೆಯ ಉದ್ಯಮಗಳು ಸೂಚಿಸುವ ಅಭ್ಯಾಸ ಇದಕ್ಕಿಂತ ನಿಧಾನದ್ದು. ಎದುರಿಗಿರುವ ಒಂದು ವಸ್ತುವಿನ ಮೇಲೆ ಜನ ಹೇಳುವ ದೂರುಗಳನ್ನೆಲ್ಲ ಬರೆದುಕೊಳ್ಳುವುದು, ಅನಂತರ ಪ್ರತಿಯೊಂದು ದೂರಿಗೂ ಅದು ಯಾರಿಗೆ ವರವಾದೀತು ಎಂದು ಕೇಳುವುದು. ಹೋಗುವುದಿಲ್ಲ, ಹಾರುವುದಿಲ್ಲ, ಒರಟು, ಮೆತ್ತಗೆ: ಇಂಥ ನಾಲ್ಕು ದೂರುಗಳಲ್ಲಿ ಮೊದಲ ಮೂರು ಈಗಾಗಲೇ ಶಾಯಿಯಾಗಿ, ಸಾಬೂನಾಗಿ, ಹಲ್ಲುಪುಡಿಯಾಗಿ ಕಂಡಿವೆ.

ನಾಲ್ಕನೆಯದು ನಜರ್‌ಬಾದಿನಲ್ಲೇ ಇದೆ. ಮಸಾಲೆ ದೋಸೆ ಎಂದರೆ ಅಂಚು ಗರಿಗರಿಯಾಗಿ, ಬಣ್ಣ ಕೆಂಪಗೆ, ಮುರಿದರೆ ಸದ್ದಾಗುವಂತಿರಬೇಕು, ಒಳಗೆ ಆಲೂಗಡ್ಡೆ ಪಲ್ಯವಿರಬೇಕು, ಪಕ್ಕದಲ್ಲಿ ಸಾಂಬಾರಿನ ಬಟ್ಟಲಿರಬೇಕು ಎಂಬುದು ಹೋಟೆಲುಗಳ ಅಲಿಖಿತ ಶಾಸನ. 1938ರಿಂದ ನಡೆಯುತ್ತಿದೆಯೆಂದು ಹೆಸರಾದ ಇಲ್ಲಿಯ ಮೈಲಾರಿ ಹೋಟೆಲು ಈ ಶಾಸನವನ್ನು ಒಂದೊಂದಾಗಿ ಬಿಟ್ಟುಕೊಟ್ಟಿತು. ಬಾಳೆಯೆಲೆಯ ಮೇಲೆ ಬರುವ ಅದರ ದೋಸೆ ಬೆರಳಿಗೆ ತಗಲಿದರೆ ಬಟ್ಟೆಯಂತೆ ಮಡಿಚಿಕೊಳ್ಳುವಷ್ಟು ಮೆತ್ತಗೆ, ಮೇಲೆ ಕರಗುತ್ತಿರುವ ಬೆಣ್ಣೆಯ ಮುದ್ದೆ, ಒಳಗೆ ಸಾಗು, ಜೊತೆಗೆ ಕಾಯಿಚಟ್ನಿ. ಬೇರೆ ಹೋಟೆಲಿನಲ್ಲಾಗಿದ್ದರೆ ‘ಬೆಂದಿಲ್ಲ’ ಎಂದು ವಾಪಸು ಹೋಗಬಹುದಾಗಿದ್ದ ಮೆತ್ತನೆಯ ದೋಸೆಗಾಗಿ ಇಲ್ಲಿ ಬೆಳಿಗ್ಗೆ ಜನ ಬಾಗಿಲಲ್ಲಿ ಕಾದು ನಿಲ್ಲುತ್ತಾರೆ. ತಿಂಡಿಗಳ ಪಟ್ಟಿ ದೋಸೆ, ಇಡ್ಲಿ, ಕಾಫಿಗಿಂತ ಹೆಚ್ಚು ದೂರ ಹೋಗುವುದಿಲ್ಲ. ಸಾಂಬಾರು ಕೇಳಿದವರಿಗೆ ಈಗಲೂ ಇನ್ನಷ್ಟು ಚಟ್ನಿಯೇ ಸಿಗುತ್ತದೆ.